ಶನಿವಾರದ ಗಾಣಿಗರ ಎಣ್ಣೆ ಹಬ್ಬ

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಹನುಕ್ಕಾ ಹಬ್ಬದ ಫೋಟೊ ಕೆಳಗೆ ‘ಯಹೂದಿಗಳ ಕ್ರಿಸ್ಮಸ್’ ಎಂದು ಹಾಕಿದ್ದಿರಿ. ಎರಡೂ ಡಿಸೆಂಬರ್ ಆಸುಪಾಸಿನಲ್ಲಿ ಬರುತ್ತವೆ, ನಿಜ. ಅಷ್ಟು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಹನುಕ್ಕಾ ಯೇಸು ಹುಟ್ಟುವುದಕ್ಕಿಂತ ಹಳೆಯದು. ಗ್ರೀಕ್ ದೊರೆ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಮೈಲಿಗೆ ಮಾಡಿದ್ದ, ಮಕ್ಕಬಿಯರು ಎಂಬ ಯಹೂದಿ ಹೋರಾಟಗಾರರು ದಂಗೆಯೆದ್ದು ಕ್ರಿ.ಪೂ. 164ರ ಹೊತ್ತಿಗೆ ಅದನ್ನು ಬಿಡಿಸಿಕೊಂಡು ಶುದ್ಧಿ ಮಾಡಿದರು. ಒಂದು ದಿನಕ್ಕಾಗುವಷ್ಟೇ ಇದ್ದ ಎಣ್ಣೆ ಎಂಟು ದಿನ ಉರಿಯಿತು ಎನ್ನುವ ಕಥೆ ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿದೆ. ಎಂಟು ದಿನ ದೀಪ ಹಚ್ಚುವುದು, ಎಣ್ಣೆಯಲ್ಲಿ ಕರಿದದ್ದು ತಿನ್ನುವುದು ಎಲ್ಲ ಅದಕ್ಕೇ.

ನಾನಿರುವುದು ಠಾಣೆಯಲ್ಲಿ. ನಮ್ಮ ಬಿಲ್ಡಿಂಗ್‌ನಲ್ಲಿ ಬೆನೆ ಇಸ್ರೇಲಿ, ಅಂದರೆ ಕೊಂಕಣದ ಯಹೂದಿ ಸಮುದಾಯದ ಮಾವಶಿಯೊಬ್ಬರಿದ್ದಾರೆ, ಮನೆಮಾತು ಮರಾಠಿ. ಕಿಟಕಿ ಹತ್ತಿರ ಮೊದಲ ದಿನ ಒಂದು ದೀಪ, ಮರುದಿನ ಎರಡು, ಹೀಗೆ ಎಂಟಕ್ಕೆ ಏರಿಸುತ್ತಾರೆ. ಹಚ್ಚುವುದಕ್ಕೆ ಬೇರೆಯೇ ದೀಪ, ಅದರ ಹೆಸರು ಶಮಾಶ್, ಅಂದರೆ ಸೇವಕ. ಒಮ್ಮೆ ಕರೆಂಟು ಹೋಗಿ, ಕೈಜಾರಿದ ಬೀಗದ ಕೈಯನ್ನು ನಾನು ಆ ಬೆಳಕಲ್ಲಿ ಹುಡುಕಲು ಹೊರಟರೆ, ‘ಅರೇ, ಈ ಬೆಳಕನ್ನು ಕೆಲಸಕ್ಕೆ ಬಳಸಬಾರದು, ಸುಮ್ನೆ ನೋಡಬೇಕಷ್ಟೇ’ ಎಂದು ತಡೆದರು. ಕೈಗೊಂದು ಬಿಸಿ ಬಟಾಟೆ ವಡೆ ಕೊಟ್ಟರು. ಬೀಗದ ಕೈ ಬೆಳಿಗ್ಗೆ ಸಿಕ್ಕಿತು.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ವಿಷಯ. ಕೊಂಕಣದಲ್ಲಿ ಇವರ ಹಿರಿಯರ ಕಸುಬೇ ಎಣ್ಣೆ ಗಾಣ. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಅಂದು ಗಾಣ ನಿಲ್ಲಿಸುತ್ತಿದ್ದರು, ಹಾಗಾಗಿ ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಆದರೆ ಈ ಎಣ್ಣೆ ಹಬ್ಬವೇ ಅವರಿಗೆ ಬಹುಕಾಲ ಗೊತ್ತಿರಲಿಲ್ಲ! ಅವರ ಪೂರ್ವಿಕರ ಹಡಗು ಅಲಿಬಾಗ್ ಹತ್ತಿರ ನವಗಾಂವ್‌ನಲ್ಲಿ ಒಡೆದದ್ದು ಮಕ್ಕಬಿಯರ ಗೆಲುವಿಗೂ ಮುಂಚೆ, ಅದಕ್ಕೇ ಗೊತ್ತಿರಲಿಲ್ಲ ಅಂತ ಅವರಲ್ಲಿ ಹೇಳುವುದುಂಟು. ಆಮೇಲೆ ಬೇರೆ ಕಡೆಯ ಯಹೂದಿಗಳ ಒಡನಾಟದಲ್ಲಿ ಕಲಿತರು. ಗಾಣದವರ ಮನೆಗೆ ಎಣ್ಣೆ ಹಬ್ಬ ತಡವಾಗಿ ಬಂತು, ತಮಾಷೆ ಅಲ್ವಾ?

ನಮ್ಮ ಕಡೆಗೂ ಒಂದು ನಂಟಿದೆ. ಮುಂಬೈಯ ಮಸ್ಜಿದ್ ಬಂದರ್ ಬಳಿಯ ಶಾರ್ ಹರಹಮೀಮ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) 1796ರದ್ದು. ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜಕಿಯೆಲ್ ದಿವೇಕರ್ ಟಿಪ್ಪು ಸುಲ್ತಾನನ ಸೆರೆಯಿಂದ ಬಿಡುಗಡೆಯಾಗಿ ಬಂದು, ಹರಕೆ ತೀರಿಸಲು ಕಟ್ಟಿಸಿದ್ದಂತೆ. ಕನ್ನಡ ಪತ್ರಿಕೆಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಮುಂದಿನ ಹನುಕ್ಕಾಗೆ ನಿಮ್ಮ ವರದಿಗಾರರನ್ನು ಅಲ್ಲಿಗೇ ಕಳಿಸಿ. ಶನಿವಾರ ಮಾತ್ರ ಬೇಡ, ಅಂದು ಫೋಟೊ ತೆಗೆಯುವ ಹಾಗಿಲ್ಲ.

– ಒಬ್ಬ ಓದುಗ, ಠಾಣೆ