ಹೆರಿಗೆ ರಜೆಯ ಭಾರ ಯಾರ ಹೆಗಲಿಗೆ?

ಮಾನ್ಯ ಸಂಪಾದಕರೇ,

ಉದ್ಯೋಗ ಮತ್ತು ಸಂಸಾರದ ಸಮತೋಲನಕ್ಕಾಗಿ ಸರ್ಕಾರಗಳು ಕಾನೂನು ತರುವುದು ಒಳ್ಳೆಯದೇ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಸಂಬಳಸಹಿತ ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವೆಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಆದರೆ ಹಣ ಕೊಡುವವರು ಯಾರು? ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿ, ಅಂದರೆ ತಿಂಗಳಿಗೆ 21,000 ರೂಪಾಯಿಯೊಳಗೆ ದುಡಿಯುವವರಿಗೆ, ಆ ವಿಮಾ ನಿಗಮ ಕೊಡುತ್ತದೆ. ಅದಕ್ಕಿಂತ ಹೆಚ್ಚು ಸಂಬಳವಿದ್ದರೆ ಪೂರ್ತಿ ಹೊಣೆ ಮಾಲೀಕನದೇ.

ಸಣ್ಣದೊಂದು ಮುದ್ರಣಾಲಯ ನಡೆಸುವ ನನಗೆ ಇದರ ಫಲ ಗೊತ್ತು. ರಜೆಯಲ್ಲಿರುವವರಿಗೆ ಸಂಬಳ, ಬದಲಿಗೆ ಬಂದವರಿಗೂ ಸಂಬಳ. ಹಾಗಾಗಿ ನಮ್ಮ ವಲಯದ ಕೆಲವರು ಸಂದರ್ಶನದಲ್ಲಿ 'ಮದುವೆ ಯಾವಾಗಮ್ಮ?' ಎಂದು ಕೇಳುತ್ತಾರೆ. ನಾಚಿಕೆಗೇಡಿನ ಪ್ರಶ್ನೆ. ಕಾನೂನು ಕಾಪಾಡಬೇಕಾದ ಹೆಣ್ಣುಮಗಳಿಗೆ ಕೆಲಸವೇ ಸಿಗದಂತಾಗುತ್ತಿದೆ.

ಹೆರಿಗೆ ರಜೆಯ ಏಳು ವಾರಗಳ ವೇತನವನ್ನು ಮಾಲೀಕರಿಗೆ ಮರಳಿಸುವ ಯೋಜನೆ ಪರಿಶೀಲನೆಯಲ್ಲಿದೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ ಹೇಳಿತ್ತು. ಆಮೇಲೆ ಅದರ ಸದ್ದೇ ಇಲ್ಲ. ನರೇಗಾ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದೆ. ಅಂಥದ್ದನ್ನು ಕೈಗಾರಿಕಾ ಪ್ರದೇಶಗಳಲ್ಲೂ ತೆರೆದು, ಐವತ್ತಕ್ಕಿಂತ ಕಡಿಮೆ ಜನರಿರುವ ಘಟಕಗಳ ನೌಕರರ ಮಕ್ಕಳನ್ನು ಸೇರಿಸಿಕೊಳ್ಳಲಿ. ನಾವೂ ಪಾಲು ಕೊಡುತ್ತೇವೆ. ಖಾಸಗಿ ವಲಯದ ಅಪ್ಪಂದಿರಿಗೂ ಕೆಲವು ದಿನಗಳ ರಜೆ ಕಡ್ಡಾಯವಾಗಲಿ. ಆಗ ಸಂದರ್ಶನದಲ್ಲಿ ಗಂಡಸರನ್ನೂ ಅದೇ ಪ್ರಶ್ನೆ ಕೇಳಬೇಕಾದೀತು!

– ಸಣ್ಣ ಉದ್ಯಮಿ, ದಾವಣಗೆರೆ