9 ದಿನ ಕಡಿಮೆ ಬಿದ್ದ ಮೊಮ್ಮಗಳು

ಸಂಪಾದಕರಿಗೆ ನಮಸ್ಕಾರ.

ಗದಗಕ್ಕೆ ಅಂಟಿಕೊಂಡೇ ಇರುವ ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಕಳೆದ ಜೂನ್‌ನಲ್ಲಿ ನನ್ನ ಮೊಮ್ಮಗಳು ಒಂದನೇ ಕ್ಲಾಸಿಗೆ ಹೋಗಬೇಕಿತ್ತು. 6 ವರ್ಷ ತುಂಬಿರಬೇಕೆಂಬ ನಿಯಮವನ್ನು ಸರ್ಕಾರ 2025-26ರ ಸಾಲಿಗೆ ಮಾತ್ರ ಸಡಿಲಿಸಿ, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳು ಸಾಕು ಎಂದಿತ್ತು. ನಮ್ಮ ಹುಡುಗಿ ಹುಟ್ಟಿದ್ದು 2020ರ ಜನವರಿ 10. ಜೂನ್ 1ಕ್ಕೆ ಲೆಕ್ಕ ಹಾಕಿದರೆ 9 ದಿನ ಕಡಿಮೆ ಬಿತ್ತು. ‘ಇನ್ನೊಂದು ಸಲ ಯುಕೆಜಿ ಮಾಡಿಸಿ’ ಎಂದರು ಶಾಲೆಯವರು. ಕಲಿತದ್ದನ್ನೇ ಕಲಿಯೋಕೆ ಮತ್ತೆ ಫೀ ಕಟ್ಟಬೇಕು, ಅಲ್ವಾ? ಮಗ, ಸೊಸೆ ಇಬ್ಬರೂ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುವವರು. ‘ಒಂದು ವರ್ಷ ನನ್ನ ಹತ್ತಿರ ಅಂಗಡಿಯಲ್ಲಿ ಇರಲಿ ಬಿಡ್ರಿ’ ಎಂದುಬಿಟ್ಟೆ. ಹೇಳುವುದೇನೋ ಹೇಳಿದೆ, ಏನು ಕಲಿಸಬೇಕು ಅಂತ ನನಗೂ ಗೊತ್ತಿರಲಿಲ್ಲ.

ಮಗ ಬಣ್ಣಬಣ್ಣದ ವರ್ಕ್‌ಬುಕ್ ತಂದುಕೊಟ್ಟ. ಮೂರು ದಿನ ಬರೆದಳು. ನಾಲ್ಕನೇ ದಿನ ಹಾಳೆ ಹರಿದು ದೋಣಿ ಮಾಡಿ ಅಂಗಡಿ ಮುಂದಿನ ಗಟಾರಕ್ಕೆ ಬಿಟ್ಟಳು. ನಾನು ಮಗ್ಗಿ ಹೇಳಿಕೊಡೋಕೆ ಹೋದೆ, ಅತ್ತಳು. ಅಲ್ಲಿಗೆ ಪಾಠ ಬಂದ್.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಹೊಲದಿಂದ ಎರೆಮಣ್ಣು ತಂದು ಇಬ್ಬರೂ ಎತ್ತು ಮಾಡಲು ಕೂತೆವು. ಸಂಜೆ ಚೆಂದ ನಿಂತಿದ್ದ ಎತ್ತು ಒಣಗುತ್ತಾ ಬಿರುಕು ಬಿಟ್ಟು, ಒಂದರ ಕಾಲು ಮುರಿಯಿತು. ಎರೆಮಣ್ಣಿನ ಗುಣವೇ ಅದು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಮರುದಿನ ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತಂದೆವು. ಎತ್ತು ಗಟ್ಟಿಯಾಗಿ ನಿಂತಿತು. ಆದರೆ ಆಕೆಗೆ ಇಷ್ಟವಾಗಿದ್ದು ಮುರಿದ ಎತ್ತೇ. ಅದರ ಕಾಲಿಗೆ ಬಟ್ಟೆ ಸುತ್ತಿ ವಾರಗಟ್ಟಲೆ ಔಷಧ ಹಚ್ಚಿದಳು.

ಆಮೇಲೆ ಅಟ್ಟದಿಂದ ಹಳೇ ತಕ್ಕಡಿ ಇಳಿಸಿದೆ. ಈಗೆಲ್ಲ ಎಲೆಕ್ಟ್ರಾನಿಕ್ ಕಾಟಾ ಬಂದಿದೆಯಲ್ಲ, ಅದು ಸುಮ್ನೆ ಬಿದ್ದಿತ್ತು. ಕಬ್ಬಿಣದ ತೂಕದ ಕಲ್ಲುಗಳ ತುಕ್ಕನ್ನು ಆಕೆಯೇ ತಿಕ್ಕಿ ತೆಗೆದಳು. ಎರಡು 100 ಗ್ರಾಂ ಇಟ್ಟರೆ ಒಂದು 200 ಗ್ರಾಂಗೆ ಸಮ, ಎರಡು 200 ಒಂದು 100 ಸೇರಿದರೆ ಅರ್ಧ ಕೆಜಿ. ನಾನು ಬಾಯಿ ಬಿಡಲಿಲ್ಲ, ತಾನೇ ಕಂಡುಕೊಂಡಳು. ಒಂದು ದಿನ ಒಂದು ತಟ್ಟೆಗೆ ಬೆಲ್ಲದ ಉಂಡೆ ಇಟ್ಟು, ಇನ್ನೊಂದಕ್ಕೆ ಚುರುಮರಿ ಸುರಿಯತೊಡಗಿದಳು. ಚುರುಮರಿ ರಾಶಿಯಾಗಿ ತಟ್ಟೆಯಿಂದ ಚೆಲ್ಲಿತು. ಆಗ ಮುಳ್ಳು ನಡುವೆ ಬಂದು ನಿಂತಿತು.

‘ಅಜ್ಜಾ, ಈ ತಕ್ಕಡಿ ಸುಳ್ಳ ಹೇಳಾಕತ್ತೈತಿ’ ಎಂದಳು.

ಅರ್ಧ ದಿನ ಇದೇ ಜಗಳ. ಬಂದ ಗಿರಾಕಿಗಳನ್ನೆಲ್ಲ ನಿಲ್ಲಿಸಿ ನ್ಯಾಯ ಕೇಳಿದಳು. ಮರುದಿನ ಕುಟ್ಟಿದ ಬೆಲ್ಲವನ್ನೂ ಚುರುಮರಿಯನ್ನೂ ಒಂದೇ ಬಟ್ಟಲಿನಿಂದ ಅಳೆದು ತೂಗಿ ನೋಡಿದ ಮೇಲೆ ಸಮಾಧಾನವಾಯಿತು. ‘ಚುರುಮರಿ ಹೊಟ್ಟ್ಯಾಗ ಗಾಳಿ ಐತಿ’ ಎಂದು ತೀರ್ಪು ಕೊಟ್ಟಳು. ಇದನ್ನು ಯಾವ ವರ್ಕ್‌ಬುಕ್ಕಿನಲ್ಲಿ ಬರೆಸೋದು ಹೇಳಿ?

ಅಕ್ಷರ ಕಲಿಸಿದ್ದು ಮಾತ್ರ ಪೇಪರು. ಶಾಯಿ ಹತ್ತುತ್ತದೆ, ತಿನ್ನೋ ಸಾಮಾನು ಪೇಪರಿನಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದವರು ಹೇಳಿದ್ದರಿಂದ ಅಂಗಡಿಯಲ್ಲಿ ಹಳೇ ಪೇಪರಿನ ಗಂಟುಗಳು ಹಾಗೇ ಇದ್ದವು. ಜಿಲ್ಲಾ ಪುಟದ ಎಷ್ಟೋ ಸುದ್ದಿ ‘ಗದಗ’ ಎಂದೇ ಶುರುವಾಗುತ್ತದೆ. ಒತ್ತಿಲ್ಲ, ದೀರ್ಘವಿಲ್ಲ. ಎರಡು ಅಕ್ಷರ ಬಂದರೆ ಊರಿನ ಹೆಸರೇ ಬಂದಂತೆ. ಪುಟದಲ್ಲಿ ಎಷ್ಟು ‘ಗದಗ’ ಇವೆ ಅಂತ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕೋದು ದಿನದ ಆಟವಾಯಿತು. ಒಮ್ಮೆ ಆ ಮೂರು ಅಕ್ಷರ ಕತ್ತರಿಸಿ ಕೌಂಟರ್ ಮೇಲೆ ಜೋಡಿಸುತ್ತಿದ್ದವಳು ಥಟ್ಟನೆ ಕೂಗಿದಳು: ‘ಅಜ್ಜಾ, ಈ ಕಡೆಯಿಂದ ಓದಿದ್ರೂ ಗದಗ, ಆ ಕಡೆಯಿಂದ ಓದಿದ್ರೂ ಗದಗ!’ ನನಗೆ ‘ವಿಕಟಕವಿ’ ಗೊತ್ತಿತ್ತು. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದರೂ ಊರಿನ ಹೆಸರೇ ಹಾಗಿದೆ ಅಂತ ಹೊಳೆದಿರಲಿಲ್ಲ.

ಚಳಿಗಾಲದಲ್ಲಿ ಒಂದು ಭಾನುವಾರ ನಮ್ಮ ಜಿಲ್ಲೆಯದೇ ಆದ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿಬಂದೆವು. ಎಣಿಸುತ್ತಾ ಎಪ್ಪತ್ತು ದಾಟಿದ್ದಳು, ಅಷ್ಟರಲ್ಲಿ ಹಿಂಡು ಹಾರಿತು. ಮತ್ತೆ ಒಂದರಿಂದ ಶುರು. ಎಲ್ಲ ದಿನವೂ ಹೀಗೆ ಚೆಂದ ಇತ್ತು ಅಂತಲ್ಲ. ಹಬ್ಬದ ಮುಂಚೆ ಗಿರಾಕಿ ಜಾಸ್ತಿಯಾದಾಗ ಕೈಗೆ ಮೊಬೈಲ್ ಕೊಟ್ಟು ಕೂರಿಸಿದ್ದೂ ಉಂಟು.

ಈ ಪತ್ರ ಬರೆಯಲು ಕಾರಣ ಬೇರೆಯೇ ಇದೆ. ಈ ಸಲ ಒಂದನೇ ಕ್ಲಾಸಿಗೆ ಸೇರಿಸಲೆಂದು ಒಂದು ಶಾಲೆಗೆ ಕರೆದುಕೊಂಡು ಹೋದೆವು. ಹಾಳೆ ಕೊಟ್ಟು, ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಜೊತೆಗೆ ನೂರರ ತನಕ ಅಂಕಿ ಬರೆ ಎಂದರು. ನಮ್ಮವಳು ಅರ್ಧ ಬರೆದು, ಟೇಬಲ್ ಮೇಲಿದ್ದ ಪೇಪರ್‌ವೇಟನ್ನು ಕೈಯಲ್ಲಿ ಎತ್ತಿ ತೂಗಿ ನೋಡುತ್ತಾ ಕೂತಳು. ‘ಒಂದು ವರ್ಷ ಗ್ಯಾಪ್ ಆಗಿದೆ, ಯುಕೆಜಿಗೇ ಹಾಕಿ’ ಎಂದರು. ಹೊರಗೆ ಬಂದ ಮೇಲೆ ಆಕೆ ಕೇಳಿದಳು, ‘ಅಜ್ಜಾ, ಗ್ಯಾಪ್ ಅಂದ್ರ ಏನು?’

ಪ್ರವೇಶಕ್ಕೆ ಮಗುವಿಗಾಗಲೀ ತಂದೆತಾಯಿಗಾಗಲೀ ಪರೀಕ್ಷೆ ಮಾಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಹೇಳುತ್ತದೆ. 3ರಿಂದ 8 ವರ್ಷದ ಮಕ್ಕಳಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಸಬೇಕು ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಹಾಗಿದ್ದ ಮೇಲೆ ಈ ಹಾಳೆ, ಪೆನ್ಸಿಲ್ ಯಾಕೆ? ಪ್ರವೇಶದ ಹೊತ್ತಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯವರು ನಾಲ್ಕು ಶಾಲೆಗೆ ಹೇಳದೇ ಹೋಗಿ ನೋಡಿಬರಲಿ. ವಯಸ್ಸಿನ ಲೆಕ್ಕಕ್ಕೆ ಸಿಕ್ಕಿ ಮನೆಯಲ್ಲಿ ಉಳಿದ ಮಕ್ಕಳನ್ನು ಹಿಂದಿನ ಕ್ಲಾಸಿಗೆ ತಳ್ಳಬೇಡಿ ಎಂದು ಒಂದು ಸುತ್ತೋಲೆಯನ್ನಾದರೂ ಹೊರಡಿಸಲಿ. ನಾವು ಬೇರೆ ಶಾಲೆ ನೋಡಿಕೊಂಡಿದ್ದೇವೆ, ಅದು ಬೇರೆ ಮಾತು.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಜಿಲ್ಲಾ ಪುಟದಲ್ಲಿ ‘ಗದಗ’ ಅನ್ನೋದನ್ನು ಈಗಿನ ಹಾಗೆ ದಪ್ಪಕ್ಷರದಲ್ಲೇ ಹಾಕುತ್ತಿರಿ. ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗ ನಿನ್ನೆಯಿಂದ ಅಂಗಡಿಗೆ ಬರತೊಡಗಿದ್ದಾನೆ, ಕೆಂಪು ಪೆನ್ಸಿಲ್ ಈಗ ಅವನ ಕೈಯಲ್ಲಿದೆ.

ಇತಿ,
ಒಬ್ಬ ಕಿರಾಣಿ ವ್ಯಾಪಾರಿ,
ಬೆಟಗೇರಿ, ಗದಗ