ಹರಾಜಿಗೆ ಹೋಗುವ ಮುನ್ನ, ಮಗಳಿಗೆ

ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ಆದದ್ದನ್ನು ಮತ್ತೆ ಕೆದಕುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆದರೆ ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಲಂಡನ್ನಿನಲ್ಲಿ ಮನೆಗೆಂದು ನೀವಿಬ್ಬರೂ ಕೂಡಿಟ್ಟ ದುಡ್ಡನ್ನು ಡಾರ್ವಿನ್ನನ 'ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್' ಮೊದಲ ಆವೃತ್ತಿಗೆ ಸುರಿಯುತ್ತೇನೆ ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ಹೆಮ್ಮೆ ಒಂದು ಕಡೆ, ಸಂಕಟ ಒಂದು ಕಡೆ. ಕೊಳ್ಳಬೇಡ ಎನ್ನಲು ಈ ಪತ್ರವಲ್ಲ. ಕ್ಯಾಟಲಾಗಿನ ನಾಲ್ಕು ಸಾಲು ನಂಬಿ ಬಿಡ್ ಕೂಗಬೇಡ ಎನ್ನಲು.

ಹರಾಜಿಗೆ ಮುನ್ನ ಪುಸ್ತಕ ನೋಡಲು ಬಿಡುತ್ತಾರೆ. ಆ ದಿನ ಹೋಗು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, 365 ನ್ಯಾನೋಮೀಟರಿನ ಚಿಕ್ಕ ಯುವಿ (ಅತಿನೇರಳೆ ಬೆಳಕಿನ) ಟಾರ್ಚು ಇರಲಿ. ಟಾರ್ಚು ಹೊತ್ತಿಸುವ ಮೊದಲು ಅವರನ್ನು ಕೇಳು. ಕೈ ತೊಳೆದು ಚೆನ್ನಾಗಿ ಒರೆಸಿಕೋ. ಸಿನಿಮಾದಲ್ಲಿ ತೋರಿಸುವ ಬಿಳಿ ಗ್ಲೌಸು ಬೇಡ, ಬೆರಳಿಗೆ ಹಾಳೆಯ ಅಂಚು ಗೊತ್ತಾಗದೆ ಹರಿದು ಕೂರುತ್ತದೆ.

ಮೊದಲು ಇದು ಮೊದಲ ಆವೃತ್ತಿಯೇ ಅಂತ ನೋಡು. ಪ್ರಕಾಶಕ ಜಾನ್ ಮರ್ರೆ ಇದನ್ನು 1859ರ ನವೆಂಬರ್ 24ರಂದು ಹೊರತಂದ, 1,250 ಪ್ರತಿ, ಬೆಲೆ 15 ಶಿಲಿಂಗ್. ಕೆಲವೇ ವಾರದಲ್ಲಿ, 1860ರ ಜನವರಿಯಲ್ಲಿ ಎರಡನೆಯದು ಬಂತು, 3,000 ಪ್ರತಿ. ದೂರದಿಂದ ನೋಡಿದರೆ ಎರಡೂ ಒಂದೇ ಹಸಿರು ಬಟ್ಟೆಯ ರಟ್ಟು. ಮುಖಪುಟದಲ್ಲಿ, ಅಂದರೆ ಒಳಗೆ ಪುಸ್ತಕದ ಹೆಸರು ಅಚ್ಚಾದ ಹಾಳೆಯಲ್ಲಿ, 'ಫಿಫ್ತ್ ಥೌಸಂಡ್' (ಐದನೇ ಸಾವಿರ) ಎಂದಿದ್ದರೆ ಅದು ಎರಡನೆಯದು. ಮುಖಪುಟವೇ ಬದಲಾಗಿದ್ದರೆ? ಅದಕ್ಕೇ ಒಳಗೆ ಹೋಗು. ಮುಖಪುಟಕ್ಕೂ ಮೊದಲು ಬರೀ ಚಿಕ್ಕ ಹೆಸರಿರುವ ಹಾಳೆ ಇರುತ್ತದಲ್ಲ, ಆ ಅರ್ಧ ಶೀರ್ಷಿಕೆಯ ಹಿಂಬದಿಯಲ್ಲಿ ಎರಡೇ ಉಕ್ತಿ ಇರಬೇಕು, ಚಿಂತಕರಾದ ವ್ಹೀವೆಲ್ಲನದು ಮತ್ತು ಬೇಕನ್ನನದು. ಬಟ್ಲರ್ ಎಂಬ ಇನ್ನೊಬ್ಬನದೂ ಸೇರಿ ಮೂರಾಗಿದ್ದರೆ ಮೊದಲನೆಯದಲ್ಲ. 20ನೇ ಪುಟದ 11ನೇ ಸಾಲಿನಲ್ಲಿ 'ಸ್ಪೀಷೀಸ್' ಪದಕ್ಕೆ ಒಂದು 'ಇ' ಅಕ್ಷರ ಹೆಚ್ಚಾಗಿ ಬಿದ್ದಿದೆ. ಎರಡನೇ ಆವೃತ್ತಿಯಲ್ಲಿ ತಿದ್ದಿದ್ದಾರೆ. 184ನೇ ಪುಟದಲ್ಲಿ ಬಾಯಿ ತೆರೆದು ಈಜುತ್ತ ಹುಳ ಹಿಡಿಯುವ ಕರಡಿ ಮುಂದೆ ತಿಮಿಂಗಿಲದಂಥ ಪ್ರಾಣಿಯೇ ಆಗಬಹುದು ಎಂಬ ಮಾತು ಇರಬೇಕು. ಜನ ನಕ್ಕರೆಂದು ಡಾರ್ವಿನ್ ಅದನ್ನು ಎರಡನೆಯದರಲ್ಲಿ ಮೊಟಕುಗೊಳಿಸಿದ.

ಆಮೇಲೆ ಎಣಿಸು. ಪಠ್ಯ 502ನೇ ಪುಟಕ್ಕೆ ಮುಗಿಯುತ್ತದೆ, ಹಿಂದೆ 1859ರ ಜೂನ್ ತಾರೀಖಿನ 32 ಪುಟದ ಮರ್ರೆ ಜಾಹೀರಾತು. 117ನೇ ಪುಟದೆದುರಿಗೆ, ಜೀವಿಗಳು ಕವಲೊಡೆಯುವುದನ್ನು ಗೆರೆಗಳಲ್ಲಿ ತೋರಿಸುವ ಮಡಚಿದ ನಕ್ಷೆ, ಇಡೀ ಪುಸ್ತಕಕ್ಕೆ ಇರುವುದು ಅದೊಂದೇ ಚಿತ್ರ. ಜಾಸ್ತಿ ಮೋಸ ನಡೆಯುವುದು ಆ ನಕ್ಷೆಯಲ್ಲೇ. ಬಿಚ್ಚಿ ಮಡಚಿ ಮಡಿಕೆಯಲ್ಲೇ ಹರಿದು ಕಳೆದುಹೋಗಿರುತ್ತದೆ, ಮಾರುವವರು ಬೇರೆ ಆವೃತ್ತಿಯದ್ದನ್ನೋ ನಕಲನ್ನೋ ಅಂಟಿಸಿರುತ್ತಾರೆ. ಮಸೂರದಡಿ ಗೆರೆ ಅಖಂಡವಾಗಿರಬೇಕು. ಚುಕ್ಕಿಚುಕ್ಕಿಯಾಗಿ ಒಡೆದು ಕಂಡರೆ ಇತ್ತೀಚಿನ ಮುದ್ರಣ. ಯುವಿಯಲ್ಲಿ ಹಾಳೆ ನೀಲಿಬಿಳುಪಾಗಿ ಹೊಳೆದರೆ ಆ ಕಾಗದದಲ್ಲಿ 20ನೇ ಶತಮಾನದ ಬಿಳುಪುಕಾರಕ ಇದೆ ಎಂದರ್ಥ, 1859ಕ್ಕೆ ಅದು ಇರಲಿಲ್ಲ. ಪಕ್ಕದ ಪುಟಗಳಿಗೆ ಹತ್ತಿದ ಕಂದು ಕಲೆ, ನೀರಿನ ಗೆರೆ ನಕ್ಷೆಯ ಮೇಲೂ ಸಾಗಿದೆಯೋ ನೋಡು. ಪುಸ್ತಕದ ಹುಳ ಕೊರೆದ ತೂತು 10 ಹಾಳೆ ದಾಟಿ ನಡುವೆ ಒಂದನ್ನು ಮಾತ್ರ ಬಿಟ್ಟಿದ್ದರೆ, ಆ ಒಂದು ಹಾಳೆ ಹೊರಗಿನಿಂದ ಬಂದದ್ದು. ಹುಳಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ರಟ್ಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಒಳಗಿನ ಕೀಲು, ಅಂದರೆ ರಟ್ಟು ಪುಸ್ತಕಕ್ಕೆ ಸೇರುವ ಮಡಿಕೆ, ಬಿರಿದಿರುವುದು ಮಾಮೂಲು, ಅದಕ್ಕೆ ಹೆದರಬೇಡ. ಆದರೆ ಒಳಗಿನ ಕಂದು ಬಣ್ಣದ ಕಾಗದ ಹೊಸದಾಗಿದ್ದರೆ ಪುಸ್ತಕವನ್ನು ರಟ್ಟಿನಿಂದ ಬಿಡಿಸಿ ಮತ್ತೆ ಕೂರಿಸಿದ್ದಾರೆ. ಹಾಗಿದ್ದೂ ಕ್ಯಾಟಲಾಗು ಆ ಮಾತೆತ್ತದಿದ್ದರೆ ಕೇಳು. ಮಾತು ಹಾರಿಸಿದರೆ ಎದ್ದು ಬಾ.

ಇಷ್ಟೆಲ್ಲ ಏಕೆ ಅನ್ನುತ್ತೀಯ. ಆ ಗೆಲಿಲಿಯೋ ಪುಸ್ತಕ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ, ಅದಕ್ಕೆ. ದೂರದರ್ಶಕದಲ್ಲಿ ಕಂಡ ಚಂದ್ರ, ನಕ್ಷತ್ರಗಳ ಬಗ್ಗೆ ಅವನು ಬರೆದ 'ಸಿಡೆರಿಯಸ್ ನುಂಸಿಯಸ್', 1610ರ ಮಾರ್ಚಿನಲ್ಲಿ ವೆನಿಸ್ಸಿನಲ್ಲಿ ಅಚ್ಚಾದದ್ದು, 550 ಪ್ರತಿ. ಅದರದ್ದೊಂದು ಪ್ರತಿ 2005ರಲ್ಲಿ ನ್ಯೂಯಾರ್ಕಿಗೆ ಬಂತು. ಚಂದ್ರನ ಅಚ್ಚುಚಿತ್ರಗಳಿರಬೇಕಾದ ಜಾಗದಲ್ಲಿ ಜಲವರ್ಣದ ಚಂದ್ರ, ಗೆಲಿಲಿಯೋನ ಸಹಿ, ಇಟಲಿಯ ಲಿಂಚೇಯಿ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದ ಚೀಸಿಯ ಗ್ರಂಥಾಲಯ ಮುದ್ರೆ. ಬರ್ಲಿನ್ನಿನ ವಿದ್ವಾಂಸರ ತಂಡ ಕಾಗದ, ಮಸಿ, ಅಚ್ಚು ಎಲ್ಲ ಪರೀಕ್ಷಿಸಿ ಅಸಲಿ ಎಂದಿತು, 2011ರಲ್ಲಿ ಸಂಪುಟಗಳನ್ನೇ ತಂದಿತು. 2012ರಲ್ಲಿ ನಿಕ್ ವೈಲ್ಡಿಂಗ್ ಎಂಬ ಇತಿಹಾಸಕಾರ ಆ ಮುದ್ರೆ ಬೇರೆ ಅಸಲಿ ಮುದ್ರೆಗಳಿಗೆ ಹೊಂದುತ್ತಿಲ್ಲ ಅಂತ ಶುರುಮಾಡಿ ಇಡೀ ಪುಸ್ತಕವೇ ನಕಲಿ ಎಂದು ತೋರಿಸಿದ. ಮಾಡಿಸಿದವನು ಮರೀನೋ ಮಾಸ್ಸಿಮೋ ದೆ ಕಾರೋ. ನೇಪಲ್ಸಿನ ಜಿರೋಲಾಮಿನಿ ಗ್ರಂಥಾಲಯದ ನಿರ್ದೇಶಕನಾಗಿ ಅದೇ ಗ್ರಂಥಾಲಯದ ಪುಸ್ತಕ ಕದ್ದು ಸಿಕ್ಕಿಬಿದ್ದವನು.

ನನ್ನನ್ನು ಕಾಡುವುದು ಅಚ್ಚಿನ ವಿಷಯ. ಸೀಸದ ಅಕ್ಷರ ಕಾಗದವನ್ನು ಒತ್ತಿದ ಗುರುತು ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಸಿಗುತ್ತದೆ, ಹಳೇ ಅಚ್ಚಿನ ನಂಬಿಕೆಯ ಗುರುತು ಅದು. ಆ ನಕಲಿ ಗೆಲಿಲಿಯೋಗೆ ಪುಟಗಳ ಫೋಟೋ ತೆಗೆದು ಪಾಲಿಮರ್ ಫಲಕಕ್ಕೆ ಇಳಿಸಿ, ಆ ಫಲಕದಿಂದ ಒತ್ತಿದ್ದರು. ಒತ್ತಿದ ಗುರುತೂ ಬಂತು. ಅಂದರೆ ಬೆರಳೂ ಸಾಕ್ಷಿಯಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಕಾಗದದಲ್ಲೂ ಹೌದು, ಆ ಕಾಲಕ್ಕೆ ಇಲ್ಲದ ಹತ್ತಿಯ ಗಿಡ್ಡ ಎಳೆಗಳು ಅದರಲ್ಲಿದ್ದವು. 2014ರಲ್ಲಿ ಅದೇ ಬರ್ಲಿನ್ ತಂಡ ಮೂರನೇ ಸಂಪುಟ ತಂದು ತಾವು ಎಲ್ಲಿ ಎಡವಿದೆವೆಂದು ಬರೆದರು. ದೊಡ್ಡತನ, ಒಪ್ಪುತ್ತೇನೆ. ಆದರೂ ಅಷ್ಟು ಮಂದಿ ಪಂಡಿತರು ಒಟ್ಟಿಗೆ ಕೂತು ನೋಡಿದ ಪುಸ್ತಕ ಅದು, ಪುಟ್ಟೀ! ಅಲ್ಲಿಗೇ ನಿಲ್ಲಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯ ತನ್ನಲ್ಲಿದ್ದ ಗೆಲಿಲಿಯೋ ಹಸ್ತಪ್ರತಿ ನಕಲಿ ಎಂದು 2022ರಲ್ಲಿ ಒಪ್ಪಿಕೊಂಡಿತು. ಸಂಶಯ ಎತ್ತಿದವನು ಮತ್ತೆ ವೈಲ್ಡಿಂಗೇ. ಕಾಗದದ ನೀರಚ್ಚಿನಲ್ಲಿ (ಬೆಳಕಿಗೆ ಹಿಡಿದರೆ ಕಾಣುವ ಗುರುತು) ಇಟಲಿಯ ಬೆರ್ಗಮೋ ಊರನ್ನು ಸೂಚಿಸುವ ಅಕ್ಷರಗಳಿದ್ದವು, 1770ಕ್ಕೆ ಮೊದಲು ಅಂಥ ನೀರಚ್ಚು ಸಿಕ್ಕಿಲ್ಲ. ಗೆಲಿಲಿಯೋ ತೀರಿಕೊಂಡದ್ದು 1642ರಲ್ಲಿ.

ಡಾರ್ವಿನ್ನನ ಇಡೀ ಪುಸ್ತಕವನ್ನು ಯಾರೂ ನಕಲಿ ಮಾಡುವುದಿಲ್ಲ, ಗೊತ್ತು. ಒಂದು ಹಾಳೆ, ಒಂದು ನಕ್ಷೆ, ಬೇರೆ ಮರ್ರೆ ಪುಸ್ತಕದಿಂದ ಕಿತ್ತ ಜಾಹೀರಾತು, ಅಷ್ಟೇ. ಬೆಲೆ ಅರ್ಧಕ್ಕಿಳಿಯಲು ಅಷ್ಟು ಸಾಕು. ಹಿಂದಿನ ಒಡೆಯರು ಯಾರು, ಯಾವ ಹರಾಜಿನಲ್ಲಿ ಯಾವಾಗ ಬಂತು ಅಂತ ಬರವಣಿಗೆಯಲ್ಲಿ ಕೇಳಿ ತೆಗೆದುಕೋ. ಎಲ್ಲಾದರೂ ಮುದ್ರೆ ಉಜ್ಜಿ ಕಾಗದ ತೆಳುವಾದದ್ದು ಕಂಡರೆ ಯಾವುದೋ ಗ್ರಂಥಾಲಯದಿಂದ ಬಂದಿದೆ. ಅದು ಮಾರಿದ್ದೋ ಕದ್ದದ್ದೋ ಗೊತ್ತಾಗದೆ ಮುಟ್ಟಬೇಡ. ಕ್ಯಾಟಲಾಗಿನಲ್ಲಿ ಆ ಪುಸ್ತಕದ ಕೆಳಗೆ 'ಡಬ್ಲ್ಯೂ.ಎ.ಎಫ್.' (ವಿತ್ ಆಲ್ ಫಾಲ್ಟ್ಸ್) ಎಂದಿದ್ದರೆ ಎಲ್ಲ ದೋಷಗಳ ಸಮೇತ ಮಾರಾಟ, ವಾಪಸಿಲ್ಲ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ನೂರಕ್ಕೆ 25ರ ಆಸುಪಾಸು ಹರಾಜು ಮನೆಯ ಪಾಲು ಬೇರೆ. ನಿನ್ನ ಮಿತಿಯನ್ನು ಅದನ್ನೂ ಸೇರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗು, ಅಲ್ಲಿ ಕೂತು ಲೆಕ್ಕ ಹಾಕಬೇಡ.

ಇನ್ನೊಂದು ದಾರಿ ಹೇಳಲಾ? ಬೈಬೇಡ. ಡಾರ್ವಿನ್ ಬದುಕಿದ್ದಾಗ ತಿದ್ದಿ ಹೊರತಂದ ಆವೃತ್ತಿ ಆರು. 1861ರ ಮೂರನೆಯದರಲ್ಲಿ ತನಗಿಂತ ಮೊದಲು ಹೀಗೆ ಯೋಚಿಸಿದವರ ಚರಿತ್ರೆ ಸೇರಿಸಿದ. 'ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್' ಬರುವುದು 1869ರ ಐದನೆಯದರಲ್ಲಿ. 'ಎವಲ್ಯೂಷನ್' ಪದ ಕಾಣಿಸುವುದು 1872ರ ಆರನೆಯದರಲ್ಲಿ. ಅಷ್ಟು ವರ್ಷ ಒಬ್ಬ ಮನುಷ್ಯ ತನ್ನ ವಾದವನ್ನು ತಾನೇ ತಿದ್ದುತ್ತ ಹೋದದ್ದನ್ನು ಕಪಾಟಿನಲ್ಲಿ ಸಾಲಾಗಿ ಇಡಬಹುದು. 1860ರಿಂದೀಚಿನ ಐದನ್ನೂ ಕೂಡಿಸಿದರೂ ಆ ಒಂದರ ಬೆಲೆಯ ಹತ್ತಿರ ಬರುವುದಿಲ್ಲ. ಸಂಗ್ರಹ ಅಂದರೆ ನನ್ನ ಮಟ್ಟಿಗೆ ಅದು; ಒಂದೇ ದುಬಾರಿ ಪುಸ್ತಕ ಒಡವೆ.

ಕೊಂಡರೂ ಮೈಸೂರಿಗೆ ತರುವ ಯೋಚನೆ ಬಿಡು. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ ಎಂಬುದೊಂದು. ಅದಕ್ಕಿಂತ ದೊಡ್ಡದು, 1972ರ ಪುರಾವಸ್ತು ಕಾಯಿದೆ: ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುವನ್ನು ಇಲ್ಲಿಂದ ಹೊರಗೆ ಕಳಿಸಲು ಬಿಡುವುದಿಲ್ಲ. ನಾಳೆ ಲಂಡನ್ನಿನಲ್ಲಿ ಮಾರಬೇಕೆಂದರೆ ಪುರಾತತ್ವ ಇಲಾಖೆಯ ಬಾಗಿಲು ಕಾಯಬೇಕಾದೀತು. ಅಲ್ಲೇ ಇಡು, ಸೂರ್ಯನ ಬೆಳಕು ಬೀಳದ ಕಡೆ, ತೇವಾಂಶ ನೂರಕ್ಕೆ 50ರ ಸುತ್ತ. ಹೀಟರಿನ ಪಕ್ಕ ಬೇಡ.

ನೋಡಿಬಂದ ದಿನವೇ 20, 184ನೇ ಪುಟ, ಮುಖಪುಟದ ಎರಡೂ ಬದಿ, ಬಿಚ್ಚಿದ ನಕ್ಷೆ, ಅದು ಹೊಲಿಗೆಗೆ ಸೇರುವ ಜಾಗ, ಹಿಂದಿನ ರಟ್ಟಿನ ಒಳಬದಿಯಲ್ಲಿ ರಟ್ಟು ಕಟ್ಟಿದ 'ಎಡ್ಮಂಡ್ಸ್ ಅಂಡ್ ರೆಮ್ನಂಟ್ಸ್' ಅಂಗಡಿಯ ಚೀಟಿ ಇದ್ದರೆ ಅದು, ಎಲ್ಲದರ ಫೋಟೋ ಕಳಿಸು. ಫ್ಲ್ಯಾಶ್ ಬೇಡ, ಪಕ್ಕದಿಂದ ಬೆಳಕು ಬೀಳಲಿ. ಮನೆಯ ದುಡ್ಡಿನ ವಿಷಯ ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ.

ಇಂತಿ,
ಅಮ್ಮ